ಕುಂಕುಮದ ಭರಣಿಯಲ್ಲಿಟ್ಟ ಲೆನ್ಸ್

"ನಿಮ್ಮ ಕಣ್ಣು ಭಾಳ ಛಂದ ಅದಾವ್ರಿ," ಎಂದಿದ್ದ ಮಲ್ಲೇಶ, ನಿಶ್ಚಯದ ದಿನ. ಆ ಒಂದು ಮಾತೇ ಉಮಾಶ್ರೀಗೆ ಮುಳುವಾಯಿತು.

ಅವಳಿಗೆ ದಪ್ಪ ಕನ್ನಡಕವಿತ್ತು. ಹೆಣ್ಣು ನೋಡಲು ಬಂದಾಗ ತಾಯಿ ನೀಲಗಂಗಮ್ಮ ಅದನ್ನು ಬಚ್ಚಿಟ್ಟು, ರಾಯಚೂರಿನಿಂದ ತರಿಸಿದ ಲೆನ್ಸ್ ಕಣ್ಣೊಳಗೆ ಹಾಕಿಸಿದ್ದಳು. ಬೆಳಿಗ್ಗೆ ಹಾಕಿ ಸಂಜೆ ಬಿಸಾಡುವ ಲೆನ್ಸ್. ಪೆಟ್ಟಿಗೆ ಮುಗಿಯುತ್ತ ಬಂತು, ಮದುವೆ ಇನ್ನೂ ದೂರವಿತ್ತು. ಉಮಾಶ್ರೀ ಬಿಸಾಡಲಿಲ್ಲ. ಖಾಲಿ ಕುಂಕುಮದ ಭರಣಿಗೆ ಫಿಲ್ಟರ್ ನೀರು ತುಂಬಿ ಅದರಲ್ಲಿ ಮುಳುಗಿಸಿಟ್ಟಳು. ಕುಡಿಯುವ ನೀರಿಗಿಂತ ಚೊಕ್ಕ ಯಾವುದಿದೆ? ಅವನು ಬಂದಾಗಲೆಲ್ಲ ಅದೇ ಜೋಡಿ ಹಾಕಿಕೊಂಡಳು.

ಇವತ್ತು ಬಲಗಣ್ಣು ಕೆಂಡದಂತೆ ಉರಿಯುತ್ತಿತ್ತು. ಮಲ್ಲೇಶ ಸೀರೆ ಖರೀದಿಗೆಂದು ದೇವದುರ್ಗದಿಂದ ಮಾನ್ವಿಗೆ ಬರುವವನಿದ್ದ. ಹಲ್ಲು ಕಚ್ಚಿ ಲೆನ್ಸ್ ಹಾಕಿಕೊಂಡಳು.

"ನನ್ನ ಮಗಳಿಗಿ ದೃಷ್ಟಿ ಆಗ್ಯಾದ," ಎಂದು ನೀಲಗಂಗಮ್ಮ ಉಪ್ಪು, ಮೆಣಸಿನಕಾಯಿ ನಿವಾಳಿಸಿ ಬೆಂಕಿಗೆ ಹಾಕಿದಳು. ಮನೆತುಂಬ ಘಾಟೆದ್ದಿತು.

"ಯವ್ವಾ, ಬಾಗಿಲಾ ಹಾಕು. ಬೆಳಕು ಚುಚ್ಚಾಕತ್ತದ!"

ಬಾಗಿಲಲ್ಲಿ ಮಲ್ಲೇಶ ನಿಂತಿದ್ದ. ಅವಳು ದುಪಟ್ಟಾ ಅಡ್ಡ ಹಿಡಿದಳು.

"ಏನ್ರಿ, ಇವತ್ತು ನಾಚಿಕಿ ಜಾಸ್ತಿ ಆಗ್ಯಾದ? ಒಮ್ಮಿ ಈ ಕಡಿ ನೋಡ್ರಿ."

ನೋಡಿದಳು. ಅವನ ನಗು ಅಲ್ಲೇ ನಿಂತಿತು. ಅವಳ ಕಣ್ಣಿನ ಕಪ್ಪಿನ ಮೇಲೆ ಬಿಳಿ ಚುಕ್ಕೆಯೊಂದು ಕೂತಿತ್ತು. ಲೆನ್ಸ್ ಇದ್ದರೂ ಆ ಕಣ್ಣಿಗೆ ಅವನ ಮುಖ ಮಸುಕು ಮಸುಕು. ಬಚ್ಚಿಟ್ಟರೆ ಕಣ್ಣು ಹೋಗುತ್ತದೆ, ಹೇಳಿದರೆ ಇವನು ಹೋಗುತ್ತಾನೆ.

ಕೈ ತೊಳೆದು, ಒರೆಸಿಕೊಂಡು ಬಂದು, ಅವನೆದುರೇ ಲೆನ್ಸ್ ತೆಗೆದಳು. ಕನ್ನಡಕ ಏರಿಸಿದಳು. "ಅಯ್ಯ ಶಿವನ!" ಎಂದಳು ನೀಲಗಂಗಮ್ಮ.

"ಇದು ನನ್ನ ಖರೇ ಮುಖ. ನಿಮಗ ಮೋಸ ಮಾಡೀನ್ರಿ."

ಮಲ್ಲೇಶ ಜೇಬಿನಿಂದ ಕಾರಿನ ಕೀ ತೆಗೆದ. "ನಡೀರಿ. ಮದ್ಲ ದವಾಖಾನಿಗಿ ಹೋಗೂಣು."

ಭರಣಿಯ ಸಂಗತಿ ಕೇಳಿ ರಾಯಚೂರಿನ ಡಾಕ್ಟರಮ್ಮ ನಗಲಿಲ್ಲ. "ಲೆನ್ಸಿಗಿ ನೀರು ತಾಕಸ್ಬಾರದಮ್ಮ, ಯಾವ ನೀರೂ ನಡಿಯಂಗಿಲ್ಲ. ದಿನಾ ಹೊಸ ಜೋಡಿ ಹಾಕ್ಬೇಕಿತ್ತು. ಕಣ್ಣಾಗ ಹುಣ್ಣಾಗ್ಯಾದ. ದೃಷ್ಟಿ ಎಷ್ಟು ಉಳೀತದೋ ಈಗ ಹೇಳಾಕ ಬರಂಗಿಲ್ಲ."

ತಾಯಿ ಔಷಧಿಗೆ ಹೋದಾಗ ಉಮಾಶ್ರೀ ಮೆಲ್ಲಗೆ ಹೇಳಿದಳು: "ಇನ್ನೂ ಟೈಮ್ ಅದ. ಬ್ಯಾಡ ಅಂದ್ಬಿಡ್ರಿ."

"ನನಗ ಗೊತ್ತಿತ್ರಿ," ಅಂದ ಮಲ್ಲೇಶ. "ನಿಶ್ಚಯದ ದಿನಾನ ನಿಮ್ಮ ಮೂಗಿನ ಮ್ಯಾಲ ಚಸ್ಮಾದ ಗುರುತು ನೋಡೀನಿ. ಒಂದಿನ ನೀವ ಹೇಳ್ತೀರಿ ಅಂತ ಸುಮ್ಕ ಇದ್ದೆ. ಅವತ್ತ ನಾನ ಕೇಳಿದ್ರ ಹಿಂಗ ಆಗ್ತಿರ್ಲಿಲ್ಲ."

ನೀಲಗಂಗಮ್ಮ ಔಷಧಿ ತಂದು ಅವನ ಕೈಗಿಟ್ಟಳು. "ತಲಿ ಎತ್ರಿ," ಅಂದ. ಮೊದಲ ಹನಿ ಬಿದ್ದು ಚುರ್ರೆಂದಿತು. ಉಮಾಶ್ರೀ ಎರಡೂ ಕಣ್ಣು ಬಿಗಿಯಾಗಿ ಮುಚ್ಚಿ ಅವನ ಕೈ ಹಿಡಿದುಕೊಂಡಳು. ತೆರೆಯಲು ಅವಳಿಗೆ ಹೆದರಿಕೆಯಾಯಿತು.