ಉಸಿರಿಗೊಂದು ಕಿಟಕಿ

ಆ ಅಂಗಡಿಯಲ್ಲಿ ಟೆಂಟು ಕೊಳ್ಳುವವರಿಗೆ ಒಂದು ಪರೀಕ್ಷೆ ಇತ್ತು. ದಪ್ಪ ಕೈಗವಸು ಹಾಕಿಕೊಂಡು, ಕಣ್ಣಿಗೆ ಬಟ್ಟೆ ಕಟ್ಟಿಕೊಂಡು, ತಾರಸಿಯ ಗಾಳಿಯಲ್ಲಿ ಟೆಂಟನ್ನು ಒಬ್ಬರೇ ನಿಲ್ಲಿಸಬೇಕು. ನಿಂತರೆ ಟೆಂಟು ಅವರದು. ಇಲ್ಲದಿದ್ದರೆ ಟೀ ಕುಡಿದು ಹೊರಡಬಹುದು.

ನಿಯಮ ಮಾಡಿದವಳು ಯಜಮಾನರ ಮಗಳು. ಲಾರಿಯ ತಾಡಪಾಲು ಹೊಲಿಯುತ್ತ ಪಳಗಿದ ಕೈ. ಮನೆಯವರು ಅವಳನ್ನು ಸೂಜಿ ಎಂದೇ ಕರೆಯುತ್ತಿದ್ದರು. ಆ ಹೆಸರಿನಲ್ಲಿ ಅರ್ಧ ಪಾಲು ಅವಳ ಹೊಲಿಗೆಯದು, ಅರ್ಧ ಅವಳ ನಾಲಿಗೆಯದು.

ಅವನು ಬಂದ ದಿನ ಪರೀಕ್ಷೆಯ ಮಾತೇ ಕೇಳಿಸಿಕೊಳ್ಳಲಿಲ್ಲ. ಗಾಜಿನ ಹಿಂದಿದ್ದ ಕಿತ್ತಳೆ ಬಣ್ಣದ ಟೆಂಟು ತೋರಿಸಿ, "ಅದನ್ನ ಪ್ಯಾಕ್ ಮಾಡಿ. ಹಗುರ ಇದೆ," ಎಂದ.

"ಎಲ್ಲಿಗೆ?"

"ಬೆಟ್ಟಕ್ಕೆ. ನಾಲ್ಕು ಜನ. ಇನ್ನು ಒಂಬತ್ತು ದಿನಕ್ಕೆ ಹೊರಡ್ತೀವಿ."

"ಈ ಚಳಿಗಾಲದಲ್ಲಾ? ಹಾಗಾದ್ರೆ ಅದು ಬೇಡ. ಅದು ಕೆರೆ ದಂಡೇಲಿ ಮಲಗೋರಿಗೆ."

"ನಾನು ಹದಿನಾರು ವರ್ಷದಿಂದ ಬೆಟ್ಟ ಹತ್ತುತಿದೀನಿ, ಮೇಡಂ."

"ನಾನು ಹದಿನಾರು ವರ್ಷದಿಂದ ಬೆಟ್ಟದಲ್ಲಿ ಹರಿದು ಬಂದ ಟೆಂಟು ಹೊಲೀತಿದೀನಿ, ಸರ್."

ಗಲ್ಲಾದಲ್ಲಿ ಕೂತಿದ್ದ ಅಪ್ಪ ಪೇಪರನ್ನು ಮುಖಕ್ಕೆ ಇನ್ನಷ್ಟು ಹತ್ತಿರ ಹಿಡಿದರು.

ತಾರಸಿಯಲ್ಲಿ ಅವನು ಕೈಗವಸು ಹಾಕಿಕೊಂಡಾಗ ಅವಳು ಗಮನಿಸಿದಳು. ಎಡಗೈಯ ಕಿರುಬೆರಳಿನ ಜಾಗ ಖಾಲಿಯಾಗಿ ಮಡಚಿಕೊಂಡಿತ್ತು. ಅವಳು ನೋಡಿದ್ದನ್ನು ಅವನೂ ನೋಡಿದ.

"ಹೋದ ಸಲ ಕಂಬಿ ಮುರೀತು," ಎಂದ. "ಬೆಳಗಾಗೋವರೆಗೂ ಬಟ್ಟೇನ ಕೈಯಲ್ಲೇ ಹಿಡ್ಕೊಂಡು ಕೂತಿದ್ವಿ. ಒಂದು ಬೆರಳು ಅಲ್ಲೇ ಉಳೀತು."

ಅವಳು ಕಣ್ಣಿಗೆ ಬಟ್ಟೆ ಕಟ್ಟಿದಳು, ಗಂಟನ್ನು ಮಾತ್ರ ಸ್ವಲ್ಪ ಮೆತ್ತಗೆ ಬಿಗಿದಳು.

ಕಿತ್ತಳೆ ಟೆಂಟಿನ ಕೊಕ್ಕೆಗಳು ಬಟಾಣಿ ಗಾತ್ರದವು. ಕೈಗವಸಿಗೆ ಒಂದೂ ಸಿಗಲಿಲ್ಲ. ಎರಡನೇ ಬೀಸಿಗೆ ಕಂಬಿ ಬಿಲ್ಲಾಗಿ ಬಾಗಿತು, ಮೂರನೆಯದಕ್ಕೆ ಟೆಂಟು ನೀರಿನ ಟ್ಯಾಂಕಿಗೆ ಹೋಗಿ ಅಪ್ಪಿಕೊಂಡಿತು.

"ನಿಂತಿತಾ?" ಎಂದ ಕಣ್ಣು ಕಟ್ಟಿಕೊಂಡೇ.

"ನಿಂತಿದೆ. ಟ್ಯಾಂಕಿನ ಜೊತೆ."

ಅವನು ನಕ್ಕ. ಸೋತಾಗ ನಗಲು ಬರುವ ಗಂಡಸರು ಕಡಿಮೆ. ಅವಳು ಕೆಳಗಿಳಿದು ಅಂಗಡಿಯ ಅಟ್ಟದಿಂದ ಒಂದು ಕಂದು ಚೀಲ ತಂದು ಅವನ ಕೈಗಿಟ್ಟಳು. "ಇದನ್ನ ನಿಲ್ಲಿಸಿ."

ಮೂರು ವರ್ಷ ಕೂತು ಅವಳೇ ಹೊಲಿದ ಟೆಂಟು ಅದು. ನಾಲ್ಕು ಕಂಬಿ ಒಂದರ ಮೇಲೊಂದು ಹಾಯ್ದು, ಆಮೆಯ ಬೆನ್ನಿನಂತೆ ಗಿಡ್ಡಗೆ ಕೂರುವಂಥದ್ದು. ಕೈಗವಸಿನ ಇಡೀ ಮುಷ್ಟಿ ತೂರುವಷ್ಟು ಅಗಲದ ಕುಣಿಕೆಗಳು. ಮೇಲೆ ಹಿಮ ಹೇರಿ ಒತ್ತಿಡಲೆಂದು ಬುಡದ ಸುತ್ತ ಮೊಳದಗಲದ ಅಂಚು. ತೂಕ ಜಾಸ್ತಿ, ಬಣ್ಣ ಮಣ್ಣಿನದು. ನೋಡಿದವರೆಲ್ಲ ಕಿತ್ತಳೆ ಬಣ್ಣದ ಕಡೆಗೇ ತಿರುಗಿದ್ದರು. ಒಂದೇ ಒಂದು ಸಲ ಅದು ಬೆಟ್ಟ ಹತ್ತಿದರೆ ಸಾಕು ಎಂಬುದು ಅವಳ ಆಸೆ. ಯಾರಿಗೂ ಹೇಳಿರಲಿಲ್ಲ.

ಆರು ನಿಮಿಷಕ್ಕೆ ಟೆಂಟು ನಿಂತಿತು. ಗಾಳಿ ಬಂತು, ಬೆನ್ನು ಸವರಿಕೊಂಡು ಮುಂದೆ ಹೋಯಿತು. ಅವನು ಕೈಗವಸು ಕಳಚಿ, ಕಟ್ಟಿದ ಕಣ್ಣಲ್ಲೇ ಹೊಲಿಗೆಯ ಮೇಲೆ ಬೆರಳು ಓಡಿಸಿದ. ನಿಧಾನವಾಗಿ, ಬುಡದಿಂದ ನೆತ್ತಿಯವರೆಗೆ. ಅವಳಿಗೆ ಯಾಕೋ ತನ್ನ ಬೆನ್ನ ಮೇಲೇ ಗೆರೆ ಎಳೆದಂತಾಯಿತು.

"ಯಾರು ಹೊಲಿದದ್ದು?"

"ಕಣ್ಣಿನ ಬಟ್ಟೆ ಬಿಚ್ಚಿ. ಎದುರಿಗೇ ಇದೀನಿ."

ಅವನು ಕಣ್ಣು ಬಿಟ್ಟು ಅವಳನ್ನು ನೋಡಿದ ರೀತಿಗೆ, ಅವಳ ಕೈ ತಾನಾಗಿ ಹೋಗಿ ನೆಟ್ಟಗಿದ್ದ ಕೂದಲನ್ನೇ ಮತ್ತೆ ನೆಟ್ಟಗೆ ಮಾಡಿತು.

ಒಳಹೊಕ್ಕು ಝಿಪ್ ಎಳೆದುಕೊಂಡವನು ಹೊರಗೆ ಬರಲು ತುಂಬ ಹೊತ್ತು ಹಿಡಿಯಿತು.

"ಇಂಥ ಹೊಲಿಗೆ ನಾನೆಲ್ಲೂ ಕಂಡಿಲ್ಲ," ಎಂದ. "ಆದ್ರೆ ತಗೊಳ್ಳಲ್ಲ."

"ಯಾಕೆ?"

"ಉಸಿರು ಎಲ್ಲಿಂದ ಹೋಗಬೇಕು? ಎಲ್ಲಾ ಕಡೆ ಮುಚ್ಚಿಬಿಟ್ಟಿದೀರ. ಒಳಗೋಡೆ ಮೇಲೆ ನಮ್ಮ ಉಸಿರೇ ಹೆಪ್ಪುಗಟ್ಟಿ ನಮ್ಮ ಮೇಲೇ ಉದುರುತ್ತೆ. ಹಾಸಿಗೆ ಒದ್ದೆ ಆದ್ರೆ ಮುಗೀತು ಕಥೆ."

"ಚಳಿ ಒಳಗೆ ಬರಬಾರದು ಅಂತ ಮೂರು ವರ್ಷ ಕೂತಿದೀನಿ. ಈಗ ಕಿಟಕಿ ಇಟ್ಟು ಬಾ ಅಂತ ಕರೀಬೇಕಾ?"

"ನೀವು ಯಾವತ್ತಾದ್ರೂ ಹಿಮದಲ್ಲಿ ಮಲಗಿದೀರಾ?"

ಕೆಣಕಲು ಕೇಳಿದ್ದಲ್ಲ, ತಿಳಿಯಲು ಕೇಳಿದ್ದು. ಅದಕ್ಕೇ ಹೆಚ್ಚು ಚುಚ್ಚಿತು. ಅವಳು ಊರಿನ ಕೊನೆಯ ಬಸ್ ಸ್ಟಾಪ್ ದಾಟಿದ್ದೇ ಅಪರೂಪ.

ಮೆಟ್ಟಿಲ ಬಳಿ ಬಂದು ನಿಂತಿದ್ದ ಅಪ್ಪ, "ಹೆತ್ತವರಿಗೆ ಹೆಗ್ಗಣ ಮುದ್ದು, ಮಗಳೇ," ಎಂದರು.

"ಅಪ್ಪಾ, ನೀವು ಪೇಪರ್ ಓದಿ." ಅವಳು ಅವನತ್ತ ತಿರುಗಿದಳು. "ನಾಡಿದ್ದು ಮಧ್ಯಾಹ್ನ ಬಿಡುವಿದೆಯಾ? ಐಸ್ ಫ್ಯಾಕ್ಟರಿಗೆ ಬನ್ನಿ. ಬೆಚ್ಚಗೆ ಹಾಕ್ಕೊಂಡು ಬನ್ನಿ."

ಐಸ್ ಫ್ಯಾಕ್ಟರಿಯ ಮೇಲ್ವಿಚಾರಕ ಅವಳ ಚಿಕ್ಕಪ್ಪ. ಐಸಿನ ದಿಮ್ಮಿಗಳನ್ನು ಪೇರಿಸಿಡುವ ಕೋಣೆಯಲ್ಲಿ ಟೆಂಟು ಹಾಕುತ್ತೇವೆ ಎಂದಾಗ ಅವರು ಇಬ್ಬರನ್ನೂ ಅಡಿಯಿಂದ ಮುಡಿಯವರೆಗೆ ನೋಡಿದರು.

"ಎರಡು ಗಂಟೆ. ಅರ್ಧ ಗಂಟೆಗೊಂದು ಸಲ ಬಾಗಿಲು ಬಡೀತೀನಿ. ಒಳಗಿಂದ ತಿರುಗಿ ಬಡೀಬೇಕು. ಇಲ್ಲಾಂದ್ರೆ ನಿಮ್ಮಪ್ಪ ನನ್ನನ್ನೇ ಐಸ್ ಮಾಡ್ತಾನೆ."

ಟೆಂಟಿನೊಳಗೆ ಎದುರುಬದುರು ಕೂತರು. ನಡುವೆ ಟೀ ಫ್ಲಾಸ್ಕು. ಒಂದು ಗಂಟೆ ಕಳೆಯಿತು. ಅವನು ಬೆಟ್ಟದ ಮೇಲಿನ ಬೆಳಗಿನ ಬಗ್ಗೆ ಹೇಳಿದ. ಅವಳು ಯಾವ ದಾರ ಚಳಿಗೆ ಮುರಿಯುತ್ತದೆ, ಯಾವುದು ತಡೆಯುತ್ತದೆ ಎಂದು ಹೇಳಿದಳು. ಅವಳ ಮಾತನ್ನು ಇಷ್ಟು ಗಮನವಿಟ್ಟು ಇದುವರೆಗೆ ಕೇಳಿದ್ದು ಹೊಲಿಗೆ ಮಶೀನು ಮಾತ್ರ.

"ಏನೂ ಉದುರಲಿಲ್ಲವಲ್ಲ," ಎಂದು ಹೆಮ್ಮೆಯಿಂದ ಗೋಡೆಗೆ ಒರಗಿದಳು.

ಅಷ್ಟೇ ಸಾಕಾಯಿತು. ಜರಡಿ ಹಿಡಿದಂತೆ ಬಿಳಿಯ ಪುಡಿ ಅವಳ ತಲೆ, ರೆಪ್ಪೆ, ಮೂಗಿನ ತುದಿಯ ಮೇಲೆಲ್ಲ ಸುರಿಯಿತು. ಅಂಗೈ ಹುಣ್ಣಿಗೆ ಕನ್ನಡಿ ಬೇಕೇ?

ಅವನು ನಗಲಿಲ್ಲ. ನಾನು ಹೇಳಿರಲಿಲ್ಲವೇ ಎನ್ನಲೂ ಇಲ್ಲ. ಅವಳು ಮುಖ ಒರೆಸಿಕೊಳ್ಳುವವರೆಗೆ ಫ್ಲಾಸ್ಕಿನ ಮುಚ್ಚಳ ತಿರುಗಿಸುತ್ತ ತಲೆ ತಗ್ಗಿಸಿ ಕೂತ. ಗೆದ್ದವನು ಬೀಗದೆ ಇದ್ದದ್ದನ್ನು ಅವಳು ಮನಸ್ಸಿನಲ್ಲಿ ಎತ್ತಿಟ್ಟುಕೊಂಡಳು. ಆಮೇಲೆ ಜೇಬಿನಿಂದ ಕತ್ತರಿ ತೆಗೆದಳು.

"ಎಲ್ಲಿ ತೋರಿಸಿ."

"ಏನು?"

"ಕಿಟಕಿ."

"ಈಗಲೇನಾ? ಮೂರು ವರ್ಷದ ಕೆಲಸ ಅಂದ್ರಲ್ಲ."

"ತಪ್ಪನ್ನ ಇಟ್ಕೊಂಡು ಕೂತ್ರೆ ಮರಿ ಹಾಕುತ್ತೆ. ತೋರಿಸಿ."

ಅವನು ನೆತ್ತಿಯ ಹತ್ತಿರ ಒಂದು ಕಡೆ, ಬಾಗಿಲ ಬುಡದಲ್ಲಿ ಒಂದು ಕಡೆ ಬೆರಳಿಟ್ಟ. ಕತ್ತರಿ ಸರ್‍ರನೆ ಹರಿಯಿತು. ಕಣ್ಣು ಮುಚ್ಚಿಕೊಂಡವನು ಅವನು.

ಹೊರಗೆ ಬಾಗಿಲು ಬಡಿದದ್ದು ಇಬ್ಬರಿಗೂ ಕೇಳಿಸಲಿಲ್ಲ. ಚಿಕ್ಕಪ್ಪ ಓಡಿಬಂದು ಟೆಂಟಿನೊಳಗೆ ತಲೆ ತೂರಿಸಿದರು. ಒಂದು ತೂತಿನತ್ತ ಮುಖ ಎತ್ತಿ, ಭುಜಕ್ಕೆ ಭುಜ ತಾಗಿಸಿ, ಉಸಿರು ಹೊಗೆಯಾಗಿ ಹೊರಗೆ ಹೋಗುವುದನ್ನು ಇಬ್ಬರೂ ನೋಡುತ್ತಿದ್ದರು.

"ಚಳಿಗೆ ಕೆನ್ನೆ ಕೆಂಪಾಗುತ್ತೆ ಅಂತ ಗೊತ್ತಿತ್ತು," ಎಂದರು ಚಿಕ್ಕಪ್ಪ. "ಇಷ್ಟೊಂದು ಅಂತ ಗೊತ್ತಿರಲಿಲ್ಲ."

ಎರಡೂ ಕಿಟಕಿಗೆ ಹಿಮ ನುಗ್ಗದಂತೆ ಟೊಪ್ಪಿಗೆ ಹೊಲಿದು ಹೊರಡುವ ಹಿಂದಿನ ದಿನ ಚೀಲ ಕೊಟ್ಟಳು.

"ನಿಮ್ಮ ಹೆಸರೇ ಹಾಕಿಲ್ಲವಲ್ಲ ಇದರ ಮೇಲೆ," ಎಂದ.

"ಗಾಳಿಗೆ ಓದೋಕೆ ಬರಲ್ಲ. ಹೊಲಿಗೆ ನೋಡಿ ಗುರುತು ಹಿಡೀಲಿ." ಆಮೇಲೆ, ಚೀಲದ ಹಗ್ಗ ಬಿಗಿಯುತ್ತ, "ಒಂಬತ್ತು ಬೆರಳು ತಗೊಂಡು ಹೋಗ್ತಿದೀರ. ಒಂಬತ್ತೂ ವಾಪಸ್ ತರಬೇಕು. ನಾನೇ ಎಣಿಸ್ತೀನಿ," ಎಂದಳು.

ಇಪ್ಪತ್ತಾರು ದಿನ. ಬೆಟ್ಟದ ಮೇಲೆ ಬಿರುಗಾಳಿ ಎಂದು ಪೇಪರಿನಲ್ಲಿ ಬಂದ ದಿನ ಅಪ್ಪ ಅದನ್ನು ಮಡಚಿ ಗಲ್ಲಾದ ಕೆಳಗಿಟ್ಟರು. ಅವಳು ಅಷ್ಟೊತ್ತಿಗೆ ಓದಿಯಾಗಿತ್ತು.

ಅವನು ಬಂದಾಗ ಮುಖ ಸುಟ್ಟ ಇಟ್ಟಿಗೆಯಂತಿತ್ತು, ತುಟಿ ಒಡೆದಿತ್ತು, ಕೈಗವಸು ಇನ್ನೂ ಕೈಯಲ್ಲೇ ಇತ್ತು. ಅವಳು ಮುಖ ನೋಡಲಿಲ್ಲ, ಚೀಲ ಕಿತ್ತುಕೊಂಡು ತಾರಸಿಗೆ ಹತ್ತಿದಳು. ಟೆಂಟು ಹರಡಿ, ಮಂಡಿಯೂರಿ, ಒಂದೊಂದೇ ಹೊಲಿಗೆ ನೋಡಿದಳು. ಮುಖ ನೋಡಿದರೆ ಕಣ್ಣು ತುಂಬೀತು, ತುಂಬಿದ ಕಣ್ಣಿಗೆ ಹೊಲಿಗೆ ಕಾಣುವುದಿಲ್ಲ.

"ಇಲ್ಲಿ ಅಂಚು ಹರಿದಿದೆ."

"ನನ್ನ ಬೂಟಿನ ಉಕ್ಕಿನ ಮುಳ್ಳು. ಗಾಳಿ ಅಲ್ಲ." ಅವನು ಪಕ್ಕದಲ್ಲಿ ಕೂತ. "ಮೂರು ದಿನ ಬೀಸಿತು. ಪಕ್ಕದಲ್ಲಿದ್ದ ಇಬ್ಬರ ಟೆಂಟು ಹಾರಿಹೋಯ್ತು. ಅವರಿಬ್ಬರನ್ನೂ ಒಳಗೆ ಸೇರಿಸಿಕೊಂಡ್ವಿ. ಆರು ಜನರ ಉಸಿರು, ಸೂಜಿ. ಮೈಮೇಲೆ ಒಂದು ಹನಿ ಬೀಳಲಿಲ್ಲ."

ಅವಳ ಬೆನ್ನು ನೆಟ್ಟಗಾಯಿತು. ಮೂರು ವರ್ಷ ಬಗ್ಗಿದ ಬೆನ್ನು.

"ಯಾರ ಟೆಂಟು ಇದು ಅಂತ ಅವರು ಕೇಳಿದ್ರು."

"ಏನಂದ್ರಿ?"

"ನನ್ನವಳದ್ದು ಅಂದೆ. ನಿಮ್ಮನ್ನ ಕೇಳದೇನೇ ಅಂದುಬಿಟ್ಟೆ. ತಪ್ಪಾಗಿದ್ರೆ ಹೇಳಿ, ಮತ್ತೆ ಹತ್ತಿ ಹೋಗಿ ತಿದ್ದಿ ಬರ್ತೀನಿ."

ಅವಳು ಆ ಹರಿದ ಅಂಚನ್ನು ಸವರಿದಳು.

"ಅದಕ್ಕೆ ಮತ್ತೆ ಹತ್ತೋದು ಬೇಡ," ಎಂದಳು. "ಕೈ ಕೊಡಿ."

ಅವನು ಎರಡೂ ಕೈಗವಸು ಕಳಚಿ ಮುಂದೆ ಚಾಚಿದ. ಅವಳು ಒಂದೊಂದೇ ಬೆರಳು ಹಿಡಿದು, ತುದಿ ಒತ್ತಿ, ರಕ್ತ ಮರಳುವುದನ್ನು ನೋಡಿ, ಮುಂದಿನದಕ್ಕೆ ಹೋದಳು. ಏಳು. ಎಂಟು. ಒಂಬತ್ತು.

"ಏನಮ್ಮಾ, ಎಲ್ಲಾ ಸರಿಯಿದೆಯಾ?" ಕೆಳಗಿನಿಂದ ಅಪ್ಪನ ದನಿ ಬಂತು.

"ಇನ್ನೂ ಎಣಿಸ್ತಾ ಇದೀನಿ, ಅಪ್ಪಾ," ಎಂದವಳು ಮತ್ತೆ ಹೆಬ್ಬೆರಳಿನಿಂದ ಶುರು ಮಾಡಿದಳು.