ಗಾಂಧಿನಗರದ ಹದಿನೆಂಟು ಗುಲಾಬಿ

1962ನೇ ಇಸವಿ ಜನವರಿ 9, ಮಂಗಳವಾರ. ಬೆಳಿಗ್ಗೆ ಹತ್ತು ಗಂಟೆ ಇಪ್ಪತ್ತು ನಿಮಿಷಕ್ಕೆ ಮದರಾಸಿನ ಅಡ್ಯಾರ್ ಠಾಣೆಗೆ ಒಂದು ದೂರು ಬಂತು. ತಂದವನ ಹೆಸರು ರಘುರಾಮ, ವಯಸ್ಸು ಮೂವತ್ತೆಂಟು, ಊರು ಉಡುಪಿ ಕಡೆ, ಕಸುಬು ತೋಟದ ಕೆಲಸ. ದೂರು ಕನ್ನಡದಲ್ಲಿತ್ತು. ಠಾಣೆಯ ರೈಟರ್ ಅದನ್ನು ತಲೆಕೆಳಗಾಗಿ ಹಿಡಿದು ಒಂದು ನಿಮಿಷ ನೋಡಿ, ಇನ್‌ಸ್ಪೆಕ್ಟರ್ ಮೋನಪ್ಪನವರ ಮೇಜಿಗೆ ತಂದಿಟ್ಟ.

ಮೋನಪ್ಪನವರು ಪುತ್ತೂರಿನವರು. ದಕ್ಷಿಣ ಕನ್ನಡ ಜಿಲ್ಲೆ ಮದರಾಸಿಗೆ ಸೇರಿದ್ದ ಕಾಲದಲ್ಲಿ ಇಲಾಖೆ ಸೇರಿ, ಜಿಲ್ಲೆ ಮೈಸೂರು ಸೀಮೆಗೆ ಹೋದ ಮೇಲೂ ಇಲ್ಲೇ ಉಳಿದವರು. ಕನ್ನಡದ ಕಾಗದ ಕೈಗೆ ಬಂದರೆ ಅವರಿಗೆ ಅರ್ಧ ಖುಷಿ. ಕಳುವಾದ ಮಾಲು ಏನೆಂದು ಓದಿದ ಮೇಲೆ ಉಳಿದರ್ಧವೂ ಬಂತು. ಹದಿನೆಂಟು ಗುಲಾಬಿ ಗಿಡಗಳು.

ಗಾಂಧಿನಗರದಲ್ಲಿ ಒಬ್ಬೊಬ್ಬರೇ ಇರುವ ನಾಲ್ಕು ಮಂದಿ ಹಿರಿಯರ ಮನೆಗಳಿಗೆ ಗಿಡ ನೆಡುವ ಕೆಲಸಕ್ಕೆಂದು ರಘುರಾಮ ಹೋಗಿಬರುತ್ತಿದ್ದ. ಮೊದಲು ಮೈಲಾಪುರದ ಒಂದು ಹೋಟೆಲಿನಲ್ಲಿ ದೋಸೆ ಹೊಯ್ಯುತ್ತಿದ್ದ. ಒಲೆಯ ಕಾವು ಒಗ್ಗದೆ ಮಣ್ಣಿನ ಕೆಲಸಕ್ಕೆ ಬಂದಿದ್ದ. ಕೆಲಸ ಮುಗಿದ ಮೇಲೆ ಕೈ ತೊಳೆದು, ಜಗಲಿಯಲ್ಲಿ ಕೂತು, ಒಂದು ಗಂಟೆ ಮನೆಯವರ ಜೊತೆ ಮಾತಾಡುವುದು ಅವನ ಪದ್ಧತಿ. ಅದಕ್ಕೆ ಬೇರೆ ಕೂಲಿ ಇರಲಿಲ್ಲ. ಈ ನಾಲ್ಕು ಮನೆಗಳಲ್ಲಿ ಸೋಮಲಿಂಗಪ್ಪ ಎಂಬವರ ಮನೆಯಲ್ಲಿ ಆರು ಗುಲಾಬಿ ನೆಟ್ಟಿದ್ದ. ಡಿಸೆಂಬರ್ 7ರಂದು ನೋಡಿದರೆ ಆರೂ ಇಲ್ಲ. ಮತ್ತೆ ನೆಟ್ಟ. ಡಿಸೆಂಬರ್ 21ಕ್ಕೆ ಅವೂ ಇಲ್ಲ. ಮೂರನೇ ಸಲ ನೆಟ್ಟವು ನಿನ್ನೆ, ಜನವರಿ 8ರಂದು ಹೋಗಿದ್ದವು.

ಗಿಡ ಹೋದದ್ದಕ್ಕೆ ಠಾಣೆಯ ತನಕ ಬರಬೇಕಿತ್ತೇ ಎಂದು ಮೋನಪ್ಪ ಕೇಳಿದರು.

"ಗಿಡ ಹೋದರೆ ತರಬಹುದು ಸಾರ್. ಒಂದು ಮನೆಯದ್ದು ಕಿತ್ತು ಇನ್ನೊಂದು ಮನೆಗೆ ಮಾರುವವ ನಾನೇ ಅಂತ ಬೀದಿಯಲ್ಲಿ ಮಾತಾಗಿದೆ. ಎರಡು ಮನೆಯವರು ಗೇಟು ಹಾಕಿದ್ರು. ನನಗೆ ಇರುವುದು ಕೈಗುಣ ಒಂದೇ. ಆ ಹೆಸರು ಹೋದರೆ ಮತ್ತೆ ಎಂತ ಉಂಟು?"

ಮೋನಪ್ಪ ನಗುವುದನ್ನು ಅಲ್ಲಿಗೆ ನಿಲ್ಲಿಸಿ, ದೂರನ್ನು ತಾವೇ ಇಂಗ್ಲಿಷಿಗೆ ಇಳಿಸಿ, ಕಳ್ಳತನದ ಕಲಂ 379ರ ಕೆಳಗೆ ಎಫ್‌ಐಆರ್ ದಾಖಲಿಸಿದರು. ಆರೋಪಿಯ ಹೆಸರಿನ ಜಾಗದಲ್ಲಿ 'ಅಪರಿಚಿತ' ಎಂದು ಬರೆದರು.

ಸ್ಥಳ ಪಂಚನಾಮೆ ಅದೇ ದಿನ ಮಧ್ಯಾಹ್ನ ಎರಡೂವರೆಗೆ ನಡೆಯಿತು. ಜೊತೆಗೆ ಬಂದವನು ಕಾನ್‌ಸ್ಟೇಬಲ್ ಮುರಳೀಧರ. ಅವನ ತಾತನ ಕಾಲಕ್ಕೇ ಮನೆಯವರು ಮದರಾಸಿಗೆ ಬಂದಿದ್ದರಿಂದ ಅವನ ಕನ್ನಡ ಎರಡು ಮಾತಿಗೊಮ್ಮೆ ತಮಿಳಿಗೆ ಜಾರುತ್ತಿತ್ತು. ಸೋಮಲಿಂಗಪ್ಪನವರು ಗೇಟಿನ ತನಕ ಬಂದು ಕರೆದುಕೊಂಡು ಹೋದರು. ಎಪ್ಪತ್ತನಾಲ್ಕು ವರ್ಷ, ಬಳ್ಳಾರಿಯವರು, ಮದುವೆಯಾಗದವರು, ನಿವೃತ್ತ ಸಬ್ ರಿಜಿಸ್ಟ್ರಾರ್. ಹಣೆಯ ಮೇಲೆ ವಿಭೂತಿ, ಮೈಮೇಲೆ ಇಸ್ತ್ರಿ ಮಾಡಿದ ಅಂಗಿ. ಮಂಗಳವಾರದ ಮಧ್ಯಾಹ್ನ ಮನೆಯಲ್ಲಿ ಕೂರುವವರು ಇಸ್ತ್ರಿಯ ಅಂಗಿ ಹಾಕುವುದುಂಟೇ ಎಂದು ಮೋನಪ್ಪನವರಿಗೆ ಅನಿಸಿತು.

ಆರು ಗುಂಡಿಗಳೂ ಅಂಚು ಕುಸಿಯದೆ ಅಚ್ಚುಕಟ್ಟಾಗಿದ್ದವು. ಕಿತ್ತದ್ದಲ್ಲ, ಬೇರಿನ ಸುತ್ತಲಿನ ಮಣ್ಣಿನ ಸಮೇತ ಎತ್ತಿದ್ದು. ಮೇಕೆ ಬಂದಿದ್ದರೆ ಚೂರು ಎಲೆಯಾದರೂ ಬಿದ್ದಿರಬೇಕಿತ್ತು. ಗೇಟಿನ ಬೀಗ ಸರಿಯಾಗಿತ್ತು. ಗೇಟಿನ ಬಳಿಯ ಹಸಿ ಮಣ್ಣಿನಲ್ಲಿ ಹೊರಗಿನವರ ಹೆಜ್ಜೆ ಇರಲಿಲ್ಲ. ಯಾರ ಮೇಲಾದರೂ ಅನುಮಾನ ಉಂಟೇ ಎಂದು ಮೋನಪ್ಪ ಕೇಳಿದರು. ಸೋಮಲಿಂಗಪ್ಪ ಇಲ್ಲ ಎಂದರು. ರಘುರಾಮನ ಮೇಲೆ?

"ಛೇ, ಅವಾ ಬಂಗಾರದಂಥಾ ಮನಶಾ ರೀ. ಗಿಡ ಹೋದ್ರ ಹೋಗ್ಲಿ ಬಿಡ್ರಿ ಸಾಹೇಬ್ರ. ಮತ್ತ ಬಂದು ನೆಡ್ತಾನ."

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವವರನ್ನು ಮೋನಪ್ಪ ಬೇಕಾದಷ್ಟು ಕಂಡಿದ್ದರು. ಈ ಯಜಮಾನರು ಹೆಗಲು ಮುಟ್ಟಿಕೊಳ್ಳಲಿಲ್ಲ. ಒಳಗೆ ಹೋಗಿ ಎರಡನೇ ಲೋಟ ಕಾಫಿ ಮಾಡಿ ತಂದರು. ಪಂಚನಾಮೆಯ ಪ್ರತಿಯೊಂದು ಸಾಲನ್ನೂ ಓದಿ, ಎರಡು ಕಡೆ ಅಲ್ಪವಿರಾಮ ಹಾಕಿಸಿ, ಆಮೇಲೆ ಸಹಿ ಮಾಡಿದರು. ತಮ್ಮ ಮೂವತ್ತು ವರ್ಷದ ನೌಕರಿಯಲ್ಲಿ ಓದದೆ ಸಹಿ ಮಾಡಲು ಬಂದವರನ್ನೆಲ್ಲ ಬೈದು ಕಳಿಸಿದ್ದಾಗಿ ಹೇಳಿಕೊಂಡರು. ಹೊರಟು ನಿಂತಾಗ ಇನ್ನೊಮ್ಮೆ ತನಿಖೆಗೆ ಬರುತ್ತೀರಷ್ಟೇ ಎಂದು ಕೇಳಿದರು. ಪೊಲೀಸರನ್ನು ಮತ್ತೆ ಬನ್ನಿ ಎಂದು ಕರೆದ ಮನೆ ಮೋನಪ್ಪನವರ ಅನುಭವದಲ್ಲಿ ಅದೇ ಮೊದಲು.

ಬುಧವಾರ ಮುರಳೀಧರ ಬಸ್ಸು ಹಿಡಿದು ಮಾಧವರಂ ಕಡೆಯ ಸಸಿ ತೋಟಕ್ಕೆ ಹೋದ. ರಘುರಾಮ ಮೂರು ಸಲವೂ ಆರಾರು ಕಸಿ ಗುಲಾಬಿ ಕೊಂಡದ್ದು ನಿಜವಾಗಿತ್ತು. ಕಸಿ ಕಟ್ಟಿದ ಕಡೆ ಬಾಳೆನಾರು ಸುತ್ತಿ ತುದಿಗೆ ಎರಡು ಗಂಟು ಹಾಕುವುದು ಆ ತೋಟದ ಗುರುತು. ಆ ಗುರುತು ಹಿಡಿದು ಮೋನಪ್ಪ ಉಳಿದ ಮೂರು ಮನೆಗಳಲ್ಲಿ ಹುಡುಕಿದರು. ಎಲ್ಲಿಯೂ ಅಂಥ ಗಿಡ ಸಿಗಲಿಲ್ಲ.

ಮೂರನೆಯ ಮನೆ ಕಲ್ಯಾಣಮ್ಮನವರದು. ಎಪ್ಪತ್ತು ದಾಟಿದ ವಿಧವೆ, ಅವರೂ ಬಳ್ಳಾರಿ ಕಡೆಯವರೇ, ಕಣ್ಣಿಗೆ ಪೊರೆ ಬಂದಿತ್ತು. ಬೀದಿಯ ಮಾತು ತಣ್ಣಗಾಗುವ ತನಕ ಬರಬೇಡ ಎಂದು ರಘುರಾಮನಿಗೆ ಹೇಳಿಬಿಟ್ಟು, ಆಮೇಲೆ ಎರಡು ವಾರದಿಂದ ತಮ್ಮನ್ನೇ ಬೈದುಕೊಳ್ಳುತ್ತಿದ್ದರು. ಅವರ ಅಂಗಳದ ಕೆಲಸ ಎರಡು ವರ್ಷದ ಹಿಂದೆಯೇ ಮುಗಿದಿತ್ತು. ಹಾಗಾದರೆ ಅವನು ಬರುತ್ತಿದ್ದದ್ದು ಏಕೆ ಎಂದು ಮೋನಪ್ಪ ಕೇಳಿದರು.

"ಪೇಪರ್ ಓದಿ ಹೇಳಾಕ ಬಾರಪ್ಪ ಅಂದೆ. ಬಂದ. ಅದ್ರಾಗೇನೈತ್ರಿ?"

ಗುರುವಾರ, ಜನವರಿ 11, ಬೆಳಿಗ್ಗೆ ಎಂಟು ಗಂಟೆಗೆ ಮೋನಪ್ಪ ಹೇಳದೆ ಕೇಳದೆ ಸೋಮಲಿಂಗಪ್ಪನವರ ಮನೆಗೆ ಹೋದರು. ಹೊರಗಿನವರು ಬಂದ ಗುರುತಿಲ್ಲ, ಬೇರೆ ಮನೆಗಳಲ್ಲಿ ಮಾಲಿಲ್ಲ. ಅಂದ ಮೇಲೆ ಮಾಲು ಗೇಟು ದಾಟಿಯೇ ಇಲ್ಲ ಎಂಬುದು ಅವರ ಲೆಕ್ಕಾಚಾರ. ಯಜಮಾನರು ಕಾಫಿಗೆ ನೀರಿಟ್ಟರು. ಮುರಳೀಧರ ಕೈ ತೊಳೆಯುವ ನೆಪದಲ್ಲಿ ಹಿತ್ತಲಿಗೆ ಹೋದ. ಬಚ್ಚಲಿನಲ್ಲಿ ಹಂಡೆ ಇರಲಿಲ್ಲ, ಕೊಳಗ ಇರಲಿಲ್ಲ, ಒಂದು ತಗಡಿನ ಬಕೆಟ್ ಮಾತ್ರ ಇತ್ತು. ಅಲ್ಲಿಂದ ತಾರಸಿಯ ಮೆಟ್ಟಿಲಿನ ಉದ್ದಕ್ಕೂ ನೀರು ಚೆಲ್ಲಿದ ಗುರುತು. ಮೇಲೆ ಹೋದವನು ಅಲ್ಲಿಂದಲೇ ಬಗ್ಗಿ ಕರೆದ.

"ಸಾರ್, ಮೊಟ್ಟೈಮಾಡಿಗೆ ಬನ್ನಿ. ಎಲ್ಲಾ ಇಂಗೇ ಇರುಕ್ಕು, ಇಲ್ಲೇ ಇದೆ."

ತಾರಸಿಯ ಮೇಲೆ ತಾಮ್ರದ ಹಂಡೆ, ಹಿತ್ತಾಳೆ ಕೊಳಗ, ಎರಡು ಕೊಪ್ಪರಿಗೆ, ಹಳೆಯ ಟ್ರಂಕು, ಪಾತ್ರೆ ಪಗಡೆ ಎಲ್ಲದರಲ್ಲೂ ಮಣ್ಣು ತುಂಬಿ, ಹದಿನೆಂಟು ಗುಲಾಬಿಗಳು ನಿಂತಿದ್ದವು. ಹದಿನೆಂಟಕ್ಕೂ ಬಾಳೆನಾರು, ನಾರಿಗೆ ಎರಡು ಗಂಟು. ಒಂದೂ ಸತ್ತಿರಲಿಲ್ಲ. ಮೊದಲ ಕಂತಿನವು ಹೂ ಬಿಟ್ಟಿದ್ದವು. ಪ್ರತಿ ಗಿಡಕ್ಕೂ ದಾರದಲ್ಲಿ ಒಂದು ಚೀಟಿ ಕಟ್ಟಿ, ಅದರ ಮೇಲೆ ಕ್ರಮಸಂಖ್ಯೆ, ತಂದ ತಾರೀಖು, ಬೆಳಗ್ಗೆಯೋ ಸಂಜೆಯೋ ಎಂಬುದನ್ನು ದುಂಡಗಿನ ಅಕ್ಷರದಲ್ಲಿ ನಮೂದಿಸಲಾಗಿತ್ತು. ಇಷ್ಟು ಅಚ್ಚುಕಟ್ಟಾಗಿ ತನ್ನ ವಿರುದ್ಧವೇ ಸಾಕ್ಷ್ಯ ಬರೆದಿಟ್ಟ ಕಳ್ಳನನ್ನು ಮೋನಪ್ಪ ಕಂಡಿರಲಿಲ್ಲ. ನಗು ತಡೆಯಲಾರದೆ ಅವರು ಒಂದು ನಿಮಿಷ ಬೀದಿಯ ಕಡೆ ತಿರುಗಿ ನಿಂತರು.

ಸೋಮಲಿಂಗಪ್ಪನವರು ಕಾಫಿ ಲೋಟಗಳನ್ನು ಹಿಡಿದುಕೊಂಡೇ ಮೇಲೆ ಬಂದರು. ಮುಖ ಬಿಳಿಚಿತ್ತು. ಆದರೂ ಅಧಿಕಾರಿಯ ಗತ್ತು ಬಿಡಲಿಲ್ಲ.

"ನನ್ನ ಅಂಗಳ, ನನ್ನ ಗಿಡ. ನನ್ನ ಗಿಡಾನ ನಾನು ಕಿತ್ತಿಟ್ರ ಯಾವ ಕಲಂ ಬರ್ತದ್ರಿ?"

ಮಾತು ಕಾನೂನಿಗೆ ಸರಿಯಾಗಿತ್ತು. ಗುರುವಾರ ರಘುರಾಮ ಬರುವ ದಿನ. ಅಷ್ಟು ಹೊತ್ತಿಗೆ ಅವನೂ ಬಂದ. ಮೋನಪ್ಪ ಅವನ ಕೆಲಸದ ಕರಾರು ಏನೆಂದು ಕೇಳಿದರು. ಅವನು ಚೀಲದಿಂದ ಒಂದು ನೋಟ್‌ಬುಕ್ ತೆಗೆದ. ಪ್ರತಿ ಮನೆಗೂ ಒಂದು ಪುಟ, ಪುಟಕ್ಕೆ ನಾಲ್ಕು ಸಾಲು. ನಾಲ್ಕನೆಯ ಸಾಲಿನಲ್ಲಿ ಹೀಗಿತ್ತು: 'ಹೊಸ ಎಲೆ ಮೂಡುವ ತನಕ ಗಿಡ ನನ್ನದು, ಸತ್ತರೆ ನನ್ನ ಖರ್ಚಿನಲ್ಲಿ ಬೇರೆ ನೆಡುತ್ತೇನೆ. ಎಲೆ ಮೂಡಿದ ಮೇಲೆ ಗಿಡ ಮನೆಯವರದು, ನನ್ನ ಕೆಲಸ ಮುಗಿಯಿತು.' ಕೆಳಗೆ ಸಹಿ: ಸೋಮಲಿಂಗಪ್ಪ, ನಿವೃತ್ತ ಸಬ್ ರಿಜಿಸ್ಟ್ರಾರ್.

ಯಜಮಾನರು ಕನ್ನಡಕ ಹಾಕಿಕೊಂಡು ಎರಡು ಸಲ ಓದಿದರು. ಕರಾರಿನ ದಿನ ಎದುರಿಗೆ ಕನ್ನಡ ಮಾತಾಡುವವನೊಬ್ಬ ಸಿಕ್ಕ ಸಂತೋಷದಲ್ಲಿ, ಮಾತಿನ ನಡುವೆ, ಓದದೆಯೇ ರುಜು ಹಾಕಿದ್ದರು. ಮೂವತ್ತು ವರ್ಷ ಊರಿಗೆಲ್ಲ ಬುದ್ಧಿ ಹೇಳಿದವರು! ಅವರು ಕನ್ನಡಕ ತೆಗೆದು ಮಡಿಸಿ ಜೇಬಿಗೆ ಹಾಕಿಕೊಂಡು, ಹಾಗಾದರೆ ಇದು ಕಳ್ಳತನವೇ, ನಡೆಯಿರಿ ಎಂದರು.

ಹದಿನೆಂಟು ಗಿಡಗಳೂ ಅವು ಇದ್ದ ಪಾತ್ರೆಗಳೂ ಜಪ್ತಿ ಪಂಚನಾಮೆಗೆ ಸೇರಿದವು. ಬೆಳಿಗ್ಗೆ ಹತ್ತು ಐದಕ್ಕೆ ದಸ್ತಗಿರಿ. ಠಾಣೆಯಲ್ಲಿ ಮೋನಪ್ಪ ಹೇಳಿಕೆ ಬರೆದುಕೊಂಡರು. ಗಿಡ ಬೇಕಿದ್ದರೆ ನೆಲದಲ್ಲೇ ಇತ್ತಲ್ಲ, ಎತ್ತಿದ್ದು ಎಂತಕ್ಕೆ ಎಂದು ಕೇಳಿದರು.

"ಎಲಿ ಬಂದ್ರ ಅವಾ ಬರೂದಿಲ್ಲಲ್ರಿ."

ಸೋಮವಾರ, ಗುರುವಾರ ಎರಡು ದಿನಗಳೇ ತಮ್ಮ ವಾರ ಎಂದು ಸೋಮಲಿಂಗಪ್ಪ ಹೇಳಿದರು. ಉಳಿದ ದಿನ ಹೋಟೆಲಿನ ಕ್ಯಾರಿಯರ್ ತರುವವನು ಬಿಟ್ಟರೆ ಗೇಟು ತೆಗೆಯುವವರಿಲ್ಲ. ಎಲೆ ಬಂದರೆ ಕೆಲಸ ಮುಗಿಯಿತೆಂದು ರಘುರಾಮ ಬಾಯಿಮಾತಿನಲ್ಲೇ ಹೇಳಿದ್ದ. ಗಿಡದ ಕಣ್ಣು ಉಬ್ಬಿ ಚಿಗುರುವ ಸೂಚನೆ ಕಂಡ ಕೂಡಲೇ ಕೈ ತಾನಾಗಿ ಸಣ್ಣ ಸಲಿಕೆಯ ಕಡೆ ಹೋಗುತ್ತಿತ್ತಂತೆ. ಗಿಡವನ್ನು ಕೊಲ್ಲಲು ಮನಸ್ಸು ಬರಲಿಲ್ಲ. ಆದರೆ ಇದರಿಂದ ರಘುರಾಮನ ಮೇಲೆ ಬೀದಿಯಲ್ಲಿ ಮಾತಾಗಿದೆ ಎಂಬುದು ಅವರಿಗೆ ಗೊತ್ತಿರಲಿಲ್ಲ. ಅವರಿಗೆ ಹೇಳುವವರು ಯಾರಿದ್ದರು? ಅದನ್ನು ಕೇಳಿದಾಗ ಮುದುಕರ ಕಣ್ಣು ತುಂಬಿತು. ಕೇಸ್ ಡೈರಿಯಲ್ಲಿ ಉದ್ದೇಶದ ಎದುರು ಮೋನಪ್ಪ 'ಮಾತಿಗೆ ಜನ ಬೇಕಾಗಿದ್ದರಿಂದ' ಎಂದು ಬರೆದರು.

ವಯಸ್ಸಿನ ಕಾರಣ ನಮೂದಿಸಿ ಜಾಮೀನು ಕೊಡುವುದೆಂದಾಯಿತು. ಜಾಮೀನುದಾರರು ಯಾರು ಎಂದರೆ ಸೋಮಲಿಂಗಪ್ಪನವರಿಗೆ ಒಂದು ಹೆಸರೂ ಹೊಳೆಯಲಿಲ್ಲ. ಮುರಳೀಧರ ಹೋಗಿ ಕಲ್ಯಾಣಮ್ಮನವರನ್ನು ರಿಕ್ಷಾದಲ್ಲಿ ಕರೆತಂದ. ಒಂದೇ ಬೀದಿಯ ಆಚೆ ಈಚೆ ಹನ್ನೊಂದು ವರ್ಷ ಇದ್ದೂ ಇಬ್ಬರೂ ಒಮ್ಮೆಯೂ ಮಾತಾಡಿದವರಲ್ಲ. ದಾರಿಯಲ್ಲೇ ಕಥೆಯೆಲ್ಲ ಕೇಳಿದ್ದ ಕಲ್ಯಾಣಮ್ಮ ಕಳ್ಳನ ಮುಖದ ಹತ್ತಿರ ಮುಖ ತಂದು ನೋಡಿ, ಶಾಸ್ತ್ರ ಹೇಳೂದು, ಬದನಿಕಾಯಿ ತಿನ್ನೂದು ಎಂದು ಗದರಿ, ತೋರಿಸಿದ ಕಡೆ ಸಹಿ ಹಾಕಲು ಹೊರಟರು. ಮೊದಲು ಅದನ್ನು ಓದಿಸಿಕೊಳ್ಳಿರಿ ತಾಯಿ ಎಂದು ಸೋಮಲಿಂಗಪ್ಪ ತಡೆದರು. ಠಾಣೆಯೆಲ್ಲ ನಕ್ಕಿತು.

ಫಿರ್ಯಾದಿ ಇನ್ನೂ ಬೆಂಚಿನ ತುದಿಯಲ್ಲಿ ಕೂತಿದ್ದ. ಉಳಿದ ಮೂರೂ ಮನೆಗೆ ತಾವೇ ಹೋಗಿ, ಕಳ್ಳ ನಾನು ಎಂದು ಹೇಳಿ ಬರುವುದಾಗಿ ಸೋಮಲಿಂಗಪ್ಪ ಅವನಿಗೆ ಮಾತು ಕೊಟ್ಟರು. ಹಾಗಿದ್ದರೆ ಕೋರ್ಟಿನಲ್ಲಿ ರಾಜಿಗೆ ತನ್ನ ಒಪ್ಪಿಗೆ ಉಂಟು ಎಂದು ರಘುರಾಮ ಹೇಳಿದ. ಆಮೇಲೆ ತಡೆಯಲಾರದೆ ಕೇಳಿಬಿಟ್ಟ.

"ನೀವು ಬಾ ಅಂತ ಒಂದು ಮಾತು ಹೇಳಿದ್ರೆ ಸಾಕಿತ್ತಲ್ಲ ಸ್ವಾಮಿ. ಯಾಕೆ ಹೇಳಲಿಲ್ಲ?"

ಕೆಲಸ ಇಲ್ಲದೆ ಒಬ್ಬರನ್ನು ಮನೆಗೆ ಕರೆಯಬಹುದು ಎಂಬುದು ತಮಗೆ ಹೊಳೆದಿರಲಿಲ್ಲ ಎಂದು ಸೋಮಲಿಂಗಪ್ಪ ಒಪ್ಪಿಕೊಂಡರು. ಕಚೇರಿಗೆ ಯಾರೂ ಹಾಗೆ ಬಂದವರಲ್ಲ, ಮನೆಗೂ ಬಂದವರಲ್ಲ. ಅವರು ಅಂಗಿಯ ಮಡಿಕೆ ಸರಿಮಾಡಿಕೊಂಡು ಎದ್ದು ನಿಂತರು. ಎಪ್ಪತ್ತನಾಲ್ಕು ವರ್ಷದಲ್ಲಿ ಯಾರಿಗೂ ಹೇಳದ ಮಾತನ್ನು ಹೇಳುವಾಗ ಅವರ ಕೈ ಮೇಜಿನ ಅಂಚನ್ನು ಹಿಡಿದುಕೊಂಡಿತ್ತು.

"ಸೋಮವಾರ ಮನೀಗೆ ಬಾ ತಮ್ಮಾ. ಕೆಲಸ ಏನೂ ಇಲ್ಲ."

ರಘುರಾಮ ಬರುತ್ತೇನೆ ಎಂದ.