ಬಲಕ್ಕೆ ಸರಿದ ಬಾವುಟಗಳು

ಇಷ್ಟು ಚೆಂದ ನಗುವವನನ್ನು ನಂಬಲೇಬಾರದು ಎಂದು ನಾಗಜ್ಯೋತಿ ಮೊದಲ ದಿನವೇ ತೀರ್ಮಾನಿಸಿಬಿಟ್ಟಿದ್ದಳು.

ಅವನು ಕೊಟ್ರೇಶ. ಆದೋನಿಯ ಹತ್ತಿ ಮಿಲ್ಲಿನ ಸಾಹುಕಾರರು ಮದ್ದಿಕೇರದ ಹೊರಗಿನ ತಮ್ಮ ಬಯಲಿನಲ್ಲಿ ಗಾಲ್ಫ್ ಮೈದಾನದ ನಕ್ಷೆ ಮಾಡಲು ಕರೆಸಿದವನು. ಅವನು ನೆಟ್ಟ ಕೆಂಪು ಬಾವುಟಗಳು ಅವಳು ಮೇಯಿಸುವ ಕುರಿಗಳು ನೀರಿಗಾಗಿ ಕುಂಟೆ ಎಂಬ ಸಣ್ಣ ಕೆರೆಗೆ ಹೋಗುವ ದಾರಿಯ ಮೇಲೇ ನಿಂತಿದ್ದವು. ಆ ದಾರಿ ಮುಚ್ಚಿದರೆ ಅವಳ ಕುರಿಗಳಿಗೆ ಬೇರೆ ನೀರೇ ಇಲ್ಲ.

ಅವನು ಒಂದು ದಿನ ನೆಟ್ಟಿದ್ದನ್ನು ಅವಳು ಮರುದಿನ ಬೆಳಿಗ್ಗೆ ಕಿತ್ತು, ದಾರಿ ಬಿಟ್ಟು ಹತ್ತು ಹೆಜ್ಜೆ ಬಲಕ್ಕೆ ನೆಡುತ್ತಿದ್ದಳು. ಮೂರು ವಾರವಾದರೂ ಅವನು ಬಾವುಟದ ಮಾತೆತ್ತಲಿಲ್ಲ. ಬದಲಿಗೆ ಫ್ಲಾಸ್ಕಿನ ಟೀ ಕೊಟ್ಟ, ಕುರಿಗಳ ಹೆಸರು ಕೇಳಿದ, ಕಣ್ಣಲ್ಲೇ ನಕ್ಕ. ಅಯ್ಯೋ ದೇವರೇ, ಇವನ ಮನಸ್ಸಿನಲ್ಲಿ ಏನೈತೋ!

ಇಂದು ಸಾಹುಕಾರರ ಕಾರು ಬಂದಿತ್ತು. "ಜ್ಯೋತಿ, ನೀನೂ ಬಾ," ಎಂದ ಕೊಟ್ರೇಶ. ಸಿಕ್ಕಿಬಿದ್ದೆ ಎಂದುಕೊಂಡಳು ಅವಳು.

ಸಾಹುಕಾರರು ಚೆಂಡು ಹೊಡೆದರು. ಅದು ಬಲಕ್ಕೆ ಹೋಯಿತು. ಇನ್ನೊಂದು, ಮತ್ತೊಂದು. ಎಲ್ಲವೂ ಬಲಕ್ಕೇ.

"ನಿಮ್ಮ ಚೆಂಡು ಯಾವಾಗ್ಲೂ ಬಲಕ್ಕ ಹೋಗತೈತಿ ಸಾರ್," ಕೊಟ್ರೇಶ ನಕ್ಷೆ ಬಿಡಿಸಿದ. "ಅದಕ್ಕ ಆಟದ ಜಾಗಾನೂ ಬಲಕ್ಕ ಸರಿಸೀನಿ. ಎಡಕ್ಕ ಇರೋದು ನಿಮಗ ಬೇಕಾಗಿಲ್ಲ."

"ಭಲೇ! ನನ್ನ ಕೈಗೆ ತಕ್ಕಂಗ ಐತಿ," ಎಂದು ಸಾಹುಕಾರರು ಸಹಿ ಹಾಕಿ ಹೊರಟರು.

ನಕ್ಷೆಯಲ್ಲಿ ಎಲ್ಲ ಬಾವುಟಗಳೂ ಅವಳು ನೆಟ್ಟಲ್ಲೇ ಇದ್ದವು. ಎಡಕ್ಕೆ, ಕುಂಟೆಯವರೆಗೆ ಒಂದು ಹಸಿರು ಗೆರೆ. ಪಕ್ಕದಲ್ಲಿ ಬರೆದಿತ್ತು: ಕುರಿ ದಾರಿ.

"ನಿನಗ ಗೊತ್ತಿತ್ತಾ?"

"ಮೊದಲ ದಿನಾನ. ಬಾವುಟದ ಸುತ್ತ ನಿನ್ನ ಚಪ್ಪಲಿ ಗುರುತು ಇದ್ವು."

"ಮತ್ತ ಯಾಕ ಕೇಳಲಿಲ್ಲ?"

"ಕೇಳಿದ್ರ ನೀ ಬರೋದು ಬಿಡ್ತಿದ್ದಿ." ಈಗ ಅವನು ನಗಲಿಲ್ಲ. "ಸಾಹುಕಾರ್ರಿಗೆ ಏನ್ ಬೇಕಂತ ನೂರು ಸಲ ಕೇಳೀನಿ. ನಿನಗೇನ್ ಬೇಕು, ಜ್ಯೋತಿ? ನನಗಂತೂ ನೀನ ಬೇಕು."

ಅವಳು ಅನುಮಾನದಿಂದಲೇ ಅವನ ಮುಖ ನೋಡಿದಳು. ಅವನ ಕೈಯಲ್ಲಿ ಉಳಿದಿದ್ದ ಕೊನೆಯ ಬಾವುಟವನ್ನು ಕಸಿದುಕೊಂಡು, ಕುರಿಹಟ್ಟಿ ದಾಟಿ, ತನ್ನ ಮನೆಯ ಬಾಗಿಲ ಮುಂದೆ ನೆಟ್ಟಳು.

"ಅಪ್ಪ ಒಳಗ ಅದಾನ. ಹೋಗಿ ಕೇಳು," ಎಂದು ಹಿಂದೆಯೇ ಬಂದ ಅವನಿಗೆ ಹೇಳಿದಳು. "ಇದನ್ನ ಮಾತ್ರ ನಾ ಕೀಳೂದಿಲ್ಲ."